ಅಪಾಯವನ್ನು ತೂಗುವ ತಕ್ಕಡಿ

ಕೆಲವು ತಿಂಗಳ ಹಿಂದೆ, ಬೀಳುವ ವಸ್ತುಗಳ ಪಾಠವು ಮುಗಿದ ತರುವಾಯ, ನಮ್ಮ ತರಗತಿಯ ವಿದ್ಯಾರ್ಥಿಗಳ ಮುಂದೆ ಒಂದು ಪ್ರಶ್ನೆಯನ್ನಿಟ್ಟೆವು. ಪ್ಯಾರಾಚೂಟು ಕಟ್ಟಿಕೊಂಡು ವಿಮಾನದಿಂದ ಧುಮುಕುವುದು, ಬೈಕನ್ನೇರಿ ಕಾಲೇಜಿಗೆ ಬರುವುದು, ಹಳ್ಳಿಯ ಮನೆಯಲ್ಲಿ ನೆಲದ ಮೇಲೆ ಚಾಪೆ ಹಾಸಿ ಮಲಗುವುದು—ಈ ಮೂರರಲ್ಲಿ ನಿಮ್ಮ ಎದೆಯನ್ನು ನಡುಗಿಸುವುದು ಯಾವುದು? ಇಡೀ ತರಗತಿಯು ಒಂದೇ ಕಂಠದಿಂದ ಮೊದಲನೆಯದನ್ನು ಹೆಸರಿಸಿತು. ಅಷ್ಟರಲ್ಲಿ ಗಂಟೆ ಹೊಡೆಯಿತು. ನಾವು ಹೊರಗೆ ಬಂದು ನೋಡಿದಾಗ ಅದೇ ವಿದ್ಯಾರ್ಥಿಗಳಲ್ಲಿ ಹಲವರು ಬೈಕುಗಳನ್ನೇರಿ ಹೊರಟಿದ್ದರು. ಹೆಲ್ಮೆಟ್ಟುಗಳು ಕೆಲವರ ಮೊಣಕೈಯಲ್ಲಿ ತೂಗಾಡುತ್ತಿದ್ದುವು, ಕೆಲವರ ಪೆಟ್ರೋಲ್ ಟ್ಯಾಂಕಿನ ಮೇಲೆ ಕುಳಿತಿದ್ದುವು. ತಲೆಯ ಮೇಲೆ ಇದ್ದುವು ಬಹಳ ಕಡಮೆ. ಇದನ್ನು ಹೇಳುವಾಗ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ‘ತರಕಾರಿ ಅಂಗಡಿ ಇಲ್ಲೇ ಇದೆಯಲ್ಲ’ ಎಂದುಕೊಂಡು ಬರಿದಲೆಯಲ್ಲಿ ಹೋಗಿಬಂದ ದಿನಗಳು ನಮಗೂ ಉಂಟು.

ಮನುಷ್ಯನಿಗೆ ಭಯವೆಂಬುದು ಪ್ರಕೃತಿಯು ಕೊಟ್ಟ ಒಂದು ರಕ್ಷಣೆ. ಆದರೆ ಅದು ಅಳತೆಯ ಉಪಕರಣವಲ್ಲ. ನೀರಿನ ಬಿಸಿಯನ್ನು ಕೈಯಿಂದ ಮುಟ್ಟಿ ಅಂದಾಜು ಮಾಡಬಹುದು. ಸರಿಯಾಗಿ ತಿಳಿಯಬೇಕಾದರೆ ಉಷ್ಣಮಾಪಕವೇ ಬೇಕು. ಅಪಾಯವನ್ನು ಅಳೆಯಲು ಅಂತಹ ಮಾಪಕವು ಇದೆಯೆ? ಇದ್ದರೆ ಅದನ್ನು ಬಳಸುವ ಬಗೆ ಹೇಗೆ? ಈ ಲೇಖನದಲ್ಲಿ ಅದನ್ನು ಪರಿಶೀಲಿಸೋಣ.

ಗುಡುಗಿನ ಭಯ

1662ರಲ್ಲಿ ಪ್ಯಾರಿಸ್ ನಗರದಲ್ಲಿ ತರ್ಕಶಾಸ್ತ್ರದ ಒಂದು ಗ್ರಂಥವು ಪ್ರಕಟವಾಯಿತು. ಆರ್ನೋ ಮತ್ತು ನಿಕೋಲ್ ಎಂಬ ಇಬ್ಬರು ಪಂಡಿತರು ಅದರ ಕರ್ತೃಗಳು. ಗುಡುಗಿಗೆ ವಿಪರೀತವಾಗಿ ಹೆದರುವವರನ್ನು ಕುರಿತು ಅವರು ಒಂದು ಮಾತನ್ನು ವಿವರಿಸಿದ್ದಾರೆ: ಕೇಡಿನ ಭಯವು ಕೇಡಿನ ಗಾತ್ರಕ್ಕೆ ಮಾತ್ರವಲ್ಲದೆ ಅದು ಸಂಭವಿಸುವ ಸಾಧ್ಯತೆಗೂ ಅನುಗುಣವಾಗಿರಬೇಕು. ಅಂದರೆ ತಕ್ಕಡಿಯಲ್ಲಿ ಇಡಬೇಕಾದ ತೂಕಗಳು ಎರಡು. ‘ಆದರೆ ಏನಾದೀತು?’ ಎಂಬುದು ಒಂದು. ‘ಆಗುವುದು ಎಷ್ಟು ಸಲಕ್ಕೊಮ್ಮೆ?’ ಎಂಬುದು ಇನ್ನೊಂದು. ಸಾಮಾನ್ಯವಾಗಿ ನಾವು ಮೊದಲನೆಯದನ್ನು ಮಾತ್ರ ಕೇಳಿ ಎರಡನೆಯದನ್ನು ಮರೆತುಬಿಡುತ್ತೇವೆ.

ಈ ಎರಡನೆಯ ಪ್ರಶ್ನೆಗೆ ಉತ್ತರವನ್ನು ಸುಲಭವಾಗಿ ಹೇಳಲು ಒಂದು ಮಾನವಿದೆ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ರೊನಾಲ್ಡ್ ಹೊವರ್ಡ್ ಎಂಬವರು ಇದನ್ನು ಬಳಕೆಗೆ ತಂದರು. ಹತ್ತು ಲಕ್ಷದಲ್ಲಿ ಒಂದರಷ್ಟು ಸಾವಿನ ಸಾಧ್ಯತೆಗೆ ಒಂದು ‘ಮೈಕ್ರೋಮಾರ್ಟ್’ ಎಂದು ಹೆಸರು. ಉದ್ದಕ್ಕೆ ಮೀಟರ್ ಇರುವಂತೆ, ರಾಶಿಗೆ ಕಿಲೋಗ್ರಾಮ್ ಇರುವಂತೆ, ಪ್ರಾಣಾಪಾಯಕ್ಕೆ ಇದೊಂದು ಮಾನ. ಒಂದು ನಾಣ್ಯವನ್ನು ಇಪ್ಪತ್ತು ಸಲ ಚಿಮ್ಮಿದಾಗ ಇಪ್ಪತ್ತು ಸಲವೂ ರಾಜನ ಮುಖವೇ ಬೀಳುವ ಸಾಧ್ಯತೆಯು ಸುಮಾರಾಗಿ ಇಷ್ಟೇ.

ಆಕಾಶವೂ ರಸ್ತೆಯೂ

ಈಗ ನಮ್ಮ ವಿದ್ಯಾರ್ಥಿಗಳನ್ನು ನಡುಗಿಸಿದ ಸಾಹಸವನ್ನು ತಕ್ಕಡಿಗೆ ಹಾಕೋಣ. ಅಮೆರಿಕದ ಪ್ಯಾರಾಚೂಟು ಸಂಘವು ಪ್ರತಿವರ್ಷವೂ ಲೆಕ್ಕವನ್ನು ಪ್ರಕಟಿಸುತ್ತದೆ. 2023ರಲ್ಲಿ ಆ ದೇಶದಲ್ಲಿ ನಡೆದ ಧುಮುಕುಗಳು ಸುಮಾರು 36,50,000; ಅವುಗಳಲ್ಲಿ ಮಡಿದವರು 10 ಮಂದಿ. ಭಾಗಿಸಿದರೆ ಒಂದು ಧುಮುಕಿಗೆ 2.7 ಮೈಕ್ರೋಮಾರ್ಟ್ ಬರುತ್ತದೆ.

ಇನ್ನು ನಮ್ಮ ರಸ್ತೆಗಳನ್ನು ನೋಡೋಣ. 2022ರಲ್ಲಿ ಭಾರತದ ರಸ್ತೆ ಅಪಘಾತಗಳಲ್ಲಿ ಮಡಿದವರು 1,68,491 ಮಂದಿ ಎಂದು ಕೇಂದ್ರ ಸರ್ಕಾರದ ವರದಿಯು ತಿಳಿಸುತ್ತದೆ. ಜನಸಂಖ್ಯೆಯನ್ನು 140 ಕೋಟಿ ಎಂದು ಇಟ್ಟುಕೊಂಡರೆ ಒಬ್ಬನ ಪಾಲಿಗೆ ವರ್ಷಕ್ಕೆ 120 ಮೈಕ್ರೋಮಾರ್ಟ್, ದಿನಕ್ಕೆ ಒಂದು ಮೈಕ್ರೋಮಾರ್ಟಿನ ಮೂರನೆಯ ಒಂದು ಪಾಲು. ಎಂದರೆ ಸರಾಸರಿ ಭಾರತೀಯನು ಎಂಟು ದಿನಗಳಲ್ಲಿ ರಸ್ತೆಯಿಂದ ಪಡೆಯುವ ಅಪಾಯವು, ಅಮೆರಿಕದಲ್ಲಿ ವಿಮಾನದಿಂದ ಒಮ್ಮೆ ಧುಮುಕುವವನ ಅಪಾಯಕ್ಕೆ ಸಮನಾಯಿತು!

ಇಲ್ಲಿ ಅವಸರಪಡಬಾರದು. ‘ಹಾಗಾದರೆ ಧುಮುಕುವುದೇ ಕ್ಷೇಮ’ ಎಂದು ಯಾರಾದರೂ ತೀರ್ಮಾನಿಸಿದರೆ ಅದು ಲೆಕ್ಕದ ದುರುಪಯೋಗವಾದೀತು. ವರ್ಷಕ್ಕೆ ನೂರು ಸಲ ಧುಮುಕುವವನ ಖಾತೆಗೆ 270 ಮೈಕ್ರೋಮಾರ್ಟ್ ಸೇರುತ್ತದೆ. ಅದು ರಸ್ತೆಯ ಸರಾಸರಿಯ ಎರಡು ಪಟ್ಟಿಗೂ ಹೆಚ್ಚು. ಅಲ್ಲದೆ ಸರಾಸರಿ ಎಂಬುದರಲ್ಲಿ ತೊಟ್ಟಿಲ ಮಗುವೂ ಲಾರಿಯ ಚಾಲಕನೂ ಒಟ್ಟಿಗೆ ಸೇರಿರುತ್ತಾರೆ. ಅಪಾಯದ ಯಾವ ಅಂಕಿಯನ್ನು ಕಂಡರೂ ‘ಯಾವುದಕ್ಕೆ ಇಷ್ಟು?’ ಎಂದು ಕೇಳಬೇಕು. ಒಂದು ಸಲಕ್ಕೋ, ಒಂದು ಗಂಟೆಗೋ, ಒಂದು ವರ್ಷಕ್ಕೋ? ಛೇದವನ್ನು ಹೇಳದ ಅಂಕಿಯು ಏಕಮಾನವಿಲ್ಲದ ಉತ್ತರದಂತೆ. ಪರೀಕ್ಷೆಯಲ್ಲಿ ಅದಕ್ಕೆ ಅಂಕ ಸಿಗದು.

ಅಳತೆಯಿಲ್ಲದ ಭಯದಿಂದ ಪ್ರಾಣಹಾನಿಯೂ ಆಗಬಹುದು. 2001ನೆಯ ಸೆಪ್ಟೆಂಬರ್ 11ರಂದು ಅಮೆರಿಕದಲ್ಲಿ ಅಪಹೃತ ವಿಮಾನಗಳಿಂದ ಘೋರ ದುರಂತವಾಯಿತಷ್ಟೆ. ಆ ಬಳಿಕ ಅನೇಕರು ವಿಮಾನಪ್ರಯಾಣಕ್ಕೆ ಹೆದರಿ ಕಾರುಗಳಲ್ಲಿ ದೂರದ ಊರುಗಳಿಗೆ ಹೊರಟರು. ಮುಂದಿನ ಹನ್ನೆರಡು ತಿಂಗಳಲ್ಲಿ ಈ ಬದಲಾವಣೆಯಿಂದಾಗಿ ರಸ್ತೆಗಳಲ್ಲಿ ಸುಮಾರು 1,500 ಮಂದಿ ಹೆಚ್ಚಾಗಿ ಮಡಿದರೆಂದು ಜರ್ಮನಿಯ ಮನಶ್ಶಾಸ್ತ್ರಜ್ಞ ಗರ್ಡ್ ಗಿಗರೆಂಜರ್ ಅವರು ಅಂದಾಜು ಮಾಡಿದ್ದಾರೆ. ಅವರೆಲ್ಲರೂ ಅಪಾಯದಿಂದ ದೂರ ಹೋಗುತ್ತಿದ್ದೇವೆಂದೇ ನಂಬಿದ್ದರು.

ಒಂದೂವರೆ ಮೀಟರಿನ ಬೀಳು

ಪ್ಯಾರಾಚೂಟಿಗೂ ಹೆಲ್ಮೆಟ್ಟಿಗೂ ಒಂದು ಹತ್ತಿರದ ನಂಟಿದೆ. ಅದನ್ನು ಪ್ರೌಢಶಾಲೆಯ ಭೌತಶಾಸ್ತ್ರದಿಂದಲೇ ತಿಳಿಯಬಹುದು.

ವಿಮಾನದಿಂದ ಧುಮುಕಿದವನು ಸ್ವಲ್ಪ ಹೊತ್ತಿನಲ್ಲಿಯೇ ಗಂಟೆಗೆ ಸುಮಾರು 200 ಕಿ.ಮೀ. ವೇಗವನ್ನು ಮುಟ್ಟುತ್ತಾನೆ, ಗಾಳಿಯ ತಡೆಯು ಅವನ ತೂಕಕ್ಕೆ ಸಮನಾಗುವುದರಿಂದ ವೇಗವು ಅಲ್ಲಿಗೆ ನಿಲ್ಲುತ್ತದೆ. ದುಂಡಾದ ಪ್ಯಾರಾಚೂಟು ಬಿಚ್ಚಿಕೊಂಡಾಗ ಈ ವೇಗವು ಸೆಕೆಂಡಿಗೆ 5-6 ಮೀಟರಿಗೆ ಇಳಿಯುತ್ತದೆ. ವೇಗವು ಹತ್ತನೆಯ ಒಂದು ಪಾಲಾದರೆ ಚಲನಶಕ್ತಿಯು ನೂರನೆಯ ಒಂದು ಪಾಲಾಗುತ್ತದೆ. ನೆಲವನ್ನು ಮುಟ್ಟುವಾಗ ಅವನು ಮೊಣಕಾಲುಗಳನ್ನು ಮಡಿಸಿ, ಉಳಿದ ಶಕ್ತಿಯನ್ನು ಸುಮಾರು ಅರ್ಧ ಮೀಟರ್ ದೂರದಲ್ಲಿ ಮೆಲ್ಲನೆ ಕಳೆದುಕೊಳ್ಳುತ್ತಾನೆ.

ಈಗ ಬೈಕಿನ ಮೇಲೆ ಕುಳಿತವನ ತಲೆಯನ್ನು ಗಮನಿಸೋಣ. ಅದು ನೆಲದಿಂದ ಒಂದೂವರೆ ಮೀಟರ್ ಎತ್ತರದಲ್ಲಿದೆ ಎನ್ನೋಣ. ಅಷ್ಟು ಎತ್ತರದಿಂದ ಬಿದ್ದ ವಸ್ತುವು ನೆಲವನ್ನು ಮುಟ್ಟುವಾಗ ಅದರ ವೇಗ ಸೆಕೆಂಡಿಗೆ 5.4 ಮೀಟರ್. ಪ್ಯಾರಾಚೂಟಿನಲ್ಲಿ ಇಳಿದವನ ವೇಗವೂ ಇದೇ ಅಲ್ಲವೆ! ಆದರೆ ಅವನು ಕಾಲೂರಿ ಇಳಿದನು. ಇವನು ತಲೆಯೂರಿ ಬಿದ್ದನು. ತಲೆಗೆ ಮೊಣಕಾಲುಗಳಿಲ್ಲ.

ಬೀಳುವಾಗ ಗುರುತ್ವವು ಮಾಡಿದ ಕೆಲಸವನ್ನೆಲ್ಲ ನೆಲವು ತಡೆಯುವಾಗ ತೀರಿಸಬೇಕು. ಆದುದರಿಂದ ಬಿದ್ದ ಎತ್ತರವನ್ನು ನಿಲ್ಲುವ ದೂರದಿಂದ ಭಾಗಿಸಿದರೆ, ತಡೆಯುವ ಬಲವು ತೂಕದ ಎಷ್ಟು ಪಟ್ಟು ಎಂಬುದು ಸ್ಥೂಲವಾಗಿ ದೊರೆಯುತ್ತದೆ. ಬರಿಯ ತಲೆಯು ಡಾಂಬರಿನ ಮೇಲೆ 3 ಮಿಲಿಮೀಟರಿನಲ್ಲಿ ನಿಂತಿತೆನ್ನಿ. 1,500ನ್ನು 3ರಿಂದ ಭಾಗಿಸಿದರೆ 500 ಪಟ್ಟು. ಹೆಲ್ಮೆಟ್ಟಿನ ಒಳಗೆ ಥರ್ಮೋಕೋಲಿನಂತಹ ಬೆಂಡಿನ ಪದರವಿರುತ್ತದೆ. ಅದು 25 ಮಿಲಿಮೀಟರ್ ಜಜ್ಜಿಹೋಗಿ ತಲೆಯನ್ನು ನಿಲ್ಲಿಸಿದರೆ ಬಲವು 60 ಪಟ್ಟಿಗೆ ಇಳಿಯಿತು. ತಲೆಬುರುಡೆಯನ್ನು ಉಳಿಸುವುದು ಹೊರಚಿಪ್ಪಿನ ಗಡಸುತನಕ್ಕಿಂತಲೂ ಒಳಪದರದ ಮೆದುತನವೇ. ಒಮ್ಮೆ ಜಜ್ಜಿದ ಪದರವು ಮತ್ತೆ ಉಬ್ಬದಿರುವುದರಿಂದ, ಪೆಟ್ಟು ತಿಂದ ಹೆಲ್ಮೆಟ್ಟನ್ನು ಹೊರಗೆ ಬಿರುಕು ಕಾಣದಿದ್ದರೂ ಎಸೆಯಬೇಕು.

‘ಬೈಕು ಗಂಟೆಗೆ 60 ಕಿ.ಮೀ. ವೇಗದಲ್ಲಿ ಓಡುತ್ತಿರುವಾಗ ಒಂದಿಂಚು ಬೆಂಡಿನಿಂದ ಏನಾದೀತು?’ ಎಂದು ಒಬ್ಬ ವಿದ್ಯಾರ್ಥಿಯು ಕೇಳಿದನು, ಒಳ್ಳೆಯ ಪ್ರಶ್ನೆ. ಗೆಲಿಲಿಯೋ ತೋರಿಸಿಕೊಟ್ಟಂತೆ ಅಡ್ಡಚಲನೆಯೂ ಲಂಬಚಲನೆಯೂ ಪರಸ್ಪರ ಸ್ವತಂತ್ರ. ರಸ್ತೆಯ ಮೇಲೆ ಜಾರಿಬಿದ್ದವನ ತಲೆಯು ನೆಲಕ್ಕೆ ಬಡಿಯುವ ವೇಗವನ್ನು ಮುಖ್ಯವಾಗಿ ನಿಶ್ಚಯಿಸುವುದು ಬಿದ್ದ ಎತ್ತರ. ಮುಂದಿನ ಓಟವು ಉಜ್ಜಾಟದಲ್ಲಿ ಕಳೆಯುತ್ತದೆ. ಎದುರಿಗೆ ಲಾರಿಯೋ ವಿದ್ಯುತ್ ಕಂಬವೋ ಇದ್ದರೆ ಮಾತ್ರ ಈ ಸಮಾಧಾನವು ನಿಲ್ಲದು. ವೇಗಕ್ಕೆ ಕಡಿವಾಣವು ಬೇಕಾಗಿರುವುದು ಅದಕ್ಕಾಗಿಯೇ.

ಲೆಕ್ಕವು ಹೇಳುವುದನ್ನು ಅನುಭವವೂ ಸಮರ್ಥಿಸುತ್ತದೆ. ಜಗತ್ತಿನ ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2008ರಲ್ಲಿ ಪ್ರಕಟವಾದ ಒಂದು ಸಮೀಕ್ಷೆಯ ಪ್ರಕಾರ, ಅಪಘಾತಕ್ಕೆ ಸಿಕ್ಕಿದ ಬೈಕ್ ಸವಾರರಲ್ಲಿ ಹೆಲ್ಮೆಟ್ಟು ಸಾವಿನ ಅಪಾಯವನ್ನು ನೂರಕ್ಕೆ 42ರಷ್ಟೂ ತಲೆಯ ಗಾಯವನ್ನು ನೂರಕ್ಕೆ 69ರಷ್ಟೂ ತಗ್ಗಿಸುತ್ತದೆ. 2022ರಲ್ಲಿ ಭಾರತದಲ್ಲಿ ಹೆಲ್ಮೆಟ್ಟು ಧರಿಸದೆ ಮಡಿದವರು 50,029 ಮಂದಿ; ಅವರಲ್ಲಿ 14,337 ಮಂದಿ ಹಿಂದೆ ಕುಳಿತವರು.

ಹನಿಗೂಡಿದರೆ ಹಳ್ಳ

‘ಇಷ್ಟು ದಿನ ಏನೂ ಆಗಲಿಲ್ಲ’ ಎಂಬ ಮಾತನ್ನು ನಾವೆಲ್ಲರೂ ಕೇಳಿದ್ದೇವೆ. ಒಂದು ಉದಾಹರಣೆಯಿಂದ ಇದನ್ನು ಪರೀಕ್ಷಿಸೋಣ. ಬರಿದಲೆಯ ಬೈಕ್ ಪ್ರಯಾಣವೊಂದಕ್ಕೆ ಕಾಲು ಮೈಕ್ರೋಮಾರ್ಟ್ ಅಪಾಯವೆಂದು ಭಾವಿಸೋಣ. ನಲವತ್ತು ಲಕ್ಷಕ್ಕೆ ಒಂದು. ಇದಕ್ಕೆ ಯಾರೂ ಹೆದರಬೇಕಾಗಿಲ್ಲ. ಆದರೆ ವರ್ಷಕ್ಕೆ 600 ಪ್ರಯಾಣಗಳಂತೆ 40 ವರ್ಷಗಳಲ್ಲಿ 24,000 ಪ್ರಯಾಣಗಳಾಗುತ್ತವೆ. ಅಪಾಯವು 6,000 ಮೈಕ್ರೋಮಾರ್ಟ್ ಆಗುತ್ತದೆ. ಸಾವಿರ ವಿದ್ಯಾರ್ಥಿಗಳಿರುವ ಒಂದು ಕಾಲೇಜಿನಲ್ಲಿ ಎಲ್ಲರೂ ಹೀಗೆಯೇ ಬಾಳಿದರೆ ಅವರಲ್ಲಿ ಆರು ಮಂದಿ ರಸ್ತೆಯಲ್ಲಿ ಕಳೆದುಹೋಗುತ್ತಾರೆ. ಎಲ್ಲರೂ ಹೆಲ್ಮೆಟ್ಟು ಧರಿಸಿ ಪಟ್ಟಿಯನ್ನು ಬಿಗಿದುಕೊಂಡರೆ ಆ ಆರರಲ್ಲಿ ಎರಡು ಮೂರು ಮಂದಿ ಉಳಿಯುತ್ತಾರೆ.

ಉಳಿದ ಆ ಮೂವರು ಯಾರು? ಹಾಜರಿಯ ಪುಸ್ತಕದಲ್ಲಿ ಅವರ ಹೆಸರನ್ನು ಮೊದಲೇ ಗುರುತಿಸುವಂತಿದ್ದರೆ ಮಿಕ್ಕ 997 ಮಂದಿಗೆ ಹೆಲ್ಮೆಟ್ಟಿನ ತೊಂದರೆಯೇ ಇರಲಿಲ್ಲ. ಗುರುತಿಸಲಾಗದು, ಆದುದರಿಂದಲೇ ಎಲ್ಲರೂ ಧರಿಸಬೇಕಾಗಿದೆ.

ಮನೆಯ ಕಾವಲು

ಸಂಜೆಯಾದೊಡನೆ ನಾವು ಬಾಗಿಲಿಗೆ ಚಿಲಕ ಹಾಕುತ್ತೇವೆ. ಕಿಟಕಿಗಳಿಗೆ ಕಬ್ಬಿಣದ ಸರಳುಗಳನ್ನು ಕೂಡಿಸಿದ್ದೇವೆ. ಅಮೆರಿಕದಲ್ಲಿ ಅನೇಕರು ಕಳ್ಳರಿಂದ ಕಾಪಾಡಿಕೊಳ್ಳಲು ಮನೆಯಲ್ಲಿ ಬಂದೂಕನ್ನೇ ಇಟ್ಟುಕೊಳ್ಳುತ್ತಾರೆ. 1993ರಲ್ಲಿ ಅಲ್ಲಿನ ಮೂರು ಪ್ರಾಂತಗಳಲ್ಲಿ ನಡೆದ ಅಧ್ಯಯನವೊಂದು ಪ್ರಕಟವಾಯಿತು. ಬಂದೂಕಿರುವ ಮನೆಗಳಲ್ಲಿ ಕೊಲೆಯ ಅಪಾಯವು 2.7 ಪಟ್ಟು ಹೆಚ್ಚೆಂದೂ, ಕೊಂದವರು ಬಹುಮಟ್ಟಿಗೆ ಮನೆಯವರೋ ಪರಿಚಿತರೋ ಆಗಿದ್ದರೆಂದೂ ಅದರಲ್ಲಿ ಕಂಡುಬಂದಿತು. ಬಂದೂಕಿನಿಂದ ಅಪಾಯ ಬಂದಿತೊ, ಅಪಾಯದಲ್ಲಿದ್ದವರು ಬಂದೂಕನ್ನು ತಂದರೊ ಎಂದು ವಿದ್ವಾಂಸರಲ್ಲಿ ವಾದವುಂಟು. ಆದರೂ 2021ರಲ್ಲಿ ಆ ದೇಶದಲ್ಲಿ ಬಂದೂಕಿಗೆ ಬಲಿಯಾದ 48,830 ಮಂದಿಯಲ್ಲಿ ಅರ್ಧಕ್ಕಿಂತ ಹೆಚ್ಚಿನವರು ತಮ್ಮ ಕೈಯಿಂದಲೇ ಪ್ರಾಣವನ್ನು ಕಳೆದುಕೊಂಡವರೆಂಬುದನ್ನು ಮರೆಯಲಾಗದು. ರಕ್ಷಣೆಯ ಉಪಾಯವನ್ನೂ ತಕ್ಕಡಿಗೆ ಹಾಕಬೇಕು. ಅದು ತೆಗೆಯುವ ಅಪಾಯವೆಷ್ಟು, ತರುವ ಅಪಾಯವೆಷ್ಟು ಎಂದು ನೋಡಬೇಕು.

ನಮ್ಮ ದೇಶದ ಲೆಕ್ಕವು ಬೇರೆ. 2022ರಲ್ಲಿ ಭಾರತದಲ್ಲಿ ದಾಖಲಾದ ಕೊಲೆ ಪ್ರಕರಣಗಳು 28,522. ಹಾವಿನ ಕಡಿತದಿಂದ ಮಡಿಯುವವರು ಎಷ್ಟು? 2020ರಲ್ಲಿ ಪ್ರಕಟವಾದ ರಾಷ್ಟ್ರವ್ಯಾಪಿ ಅಧ್ಯಯನದ ಅಂದಾಜಿನಂತೆ, 2000ದಿಂದ 2019ರ ವರೆಗಿನ ಅವಧಿಯಲ್ಲಿ ಸುಮಾರು 12 ಲಕ್ಷ. ವರ್ಷಕ್ಕೆ ಸರಾಸರಿ 58,000! ಇವರಲ್ಲಿ ಬಹುಪಾಲು ಹಳ್ಳಿಗರು. ಕಟ್ಟುಹಾವು ರಾತ್ರಿಯ ವೇಳೆ ಮನೆಯೊಳಗೆ ಬಂದು, ನೆಲದ ಮೇಲೆ ಮಲಗಿದವರನ್ನು ಕಡಿಯುವುದುಂಟು. ಅದರ ಕಡಿತವು ಅಷ್ಟಾಗಿ ನೋಯದಿರುವುದರಿಂದ ಎಷ್ಟೋ ವೇಳೆ ಕಡಿಸಿಕೊಂಡವನಿಗೆ ಎಚ್ಚರವೇ ಆಗುವುದಿಲ್ಲ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ವಿಷಯವೆಂದು ಘೋಷಿಸಿತು. ಲೆಕ್ಕ ಸಿಕ್ಕಿದರೆ ಮದ್ದನ್ನು ಎಲ್ಲಿ ಸಿದ್ಧವಾಗಿಡಬೇಕೆಂಬುದೂ ತಿಳಿಯುತ್ತದೆ.

ಇದಕ್ಕೆ ಕಾವಲು ಯಾವುದು? ಮಂಚ, ಹಾಸಿಗೆಯ ಕೆಳಗೆ ಅಂಚನ್ನು ಸಿಕ್ಕಿಸಿದ ಸೊಳ್ಳೆಪರದೆ, ಕತ್ತಲೆಯಲ್ಲಿ ಅಂಗಳಕ್ಕಿಳಿಯುವಾಗ ಕೈಯಲ್ಲೊಂದು ಟಾರ್ಚು, ಕಾಲಿಗೆ ಮೆಟ್ಟು. ಕಡಿದರೆ ಗಾಯವನ್ನು ಕೊಯ್ಯದೆ, ಬಿಗಿಯಾಗಿ ಕಟ್ಟದೆ, ಆ ಅಂಗವನ್ನು ಅಲುಗಿಸದೆ ನೇರವಾಗಿ ಆಸ್ಪತ್ರೆಗೆ ಒಯ್ಯಬೇಕು. ಇವೆಲ್ಲಕ್ಕೂ ತಗಲುವ ಹಣವು ಕಿಟಕಿಯ ಸರಳುಗಳಿಗೆ ಕೊಟ್ಟ ಹಣಕ್ಕಿಂತ ಕಡಮೆ. ಕಳ್ಳನನ್ನು ತಡೆಯಬಾರದೆಂದು ನಾವು ಹೇಳುತ್ತಿಲ್ಲ. ಬಾಗಿಲಿನ ಕೆಳಗಿನ ಸಂದಿನಿಂದ ಬರುವವನನ್ನೂ ನೆನೆಯಿರಿ ಎಂದಷ್ಟೇ ನಮ್ಮ ಮಾತು.

ಅಪಾಯವು ಸೊನ್ನೆಯಾದ ಬಾಳು ಎಲ್ಲಿಯೂ ಇಲ್ಲ. ಸಾಹಸಗಳನ್ನೆಲ್ಲ ಬಿಟ್ಟು ಮೂಲೆಯಲ್ಲಿ ಕುಳಿತಿರಬೇಕೆಂದು ವಿಜ್ಞಾನವು ಹೇಳುವುದೂ ಇಲ್ಲ. ವಿಮಾನದಿಂದ ಧುಮುಕಬೇಕೆಂಬ ಆಸೆಯು ಯಾರಿಗಾದರೂ ಇದ್ದರೆ, ತರಬೇತಿಯನ್ನು ಪಡೆದು, ಎರಡನೆಯ ಪ್ಯಾರಾಚೂಟನ್ನೂ ಪರೀಕ್ಷಿಸಿಕೊಂಡು ಧುಮುಕಲಿ. ಆದರೆ ಆ ವಿಮಾನನಿಲ್ದಾಣಕ್ಕೆ ಬೈಕಿನಲ್ಲಿ ಹೊರಡುವ ಮುನ್ನ ಹೆಲ್ಮೆಟ್ಟಿನ ಪಟ್ಟಿಯನ್ನು ಗಲ್ಲದ ಕೆಳಗೆ ಬಿಗಿದುಕೊಳ್ಳಲು ಹತ್ತು ಸೆಕೆಂಡುಗಳು ಸಾಕು. ಹಿಂದೆ ಕುಳಿತ ಗೆಳೆಯನಿಗೂ ಒಂದನ್ನು ಕೊಡಲಿ. ಈಗ ನಾವೂ ತರಕಾರಿ ಅಂಗಡಿಗೆ ಹಾಗೆಯೇ ಹೋಗುತ್ತಿದ್ದೇವೆ.