ಲೇಸರ್ ಕಿರಣದಿಂದ ಪಾಲಿಮರ್ ಪೊರೆಗಳ ರಚನೆ

ಬಳ್ಳಾರಿ ಸೀಮೆಯ ಎರೆಭೂಮಿಯ ಹತ್ತಿಗೂ ಸಿರುಗುಪ್ಪದ ಗದ್ದೆಗಳ ಭತ್ತಕ್ಕೂ ಒಂದು ಗೂಢವಾದ ಸಂಬಂಧವುಂಟು. ಹತ್ತಿಯ ಸೆಲ್ಯುಲೋಸೂ ಅಕ್ಕಿಯ ಪಿಷ್ಟವೂ ಗ್ಲೂಕೋಸೆಂಬ ಒಂದೇ ಘಟಕದ ದೀರ್ಘವಾದ ಸರಪಣಿಗಳು; ಮುಖ್ಯ ಭೇದವಿರುವುದು ಕೊಂಡಿಗಳ ಜೋಡಣೆಯಲ್ಲಿ. ಆದರೂ ಒಂದು ಉಡುವ ವಸ್ತ್ರ, ಮತ್ತೊಂದು ಉಣ್ಣುವ ಅನ್ನ. ವೈಯಾಕರಣರಿಗೆ ಇದು ಅಪರಿಚಿತವಾದ ವಿಷಯವಲ್ಲ. ‘ಇಂದ್ರಶತ್ರು’ ಎಂಬುದು ತತ್ಪುರುಷವಾದರೆ ಇಂದ್ರನ ಘಾತಕನೆಂದೂ, ಬಹುವ್ರೀಹಿಯಾದರೆ ಇಂದ್ರನೇ ಘಾತಕನಾಗಿ ಉಳ್ಳವನೆಂದೂ ಅರ್ಥವಾಗುವುದು. ಪದಗಳು ಅವೇ, ಸಮಾಸ ಮಾತ್ರ ಬೇರೆ.

ಇಂತಹ ಸರಪಣಿದ್ರವ್ಯಗಳಿಗೆ ಪಾಲಿಮರುಗಳೆಂದು ಹೆಸರು. ಇವುಗಳಲ್ಲಿ ಕೆಲವು ವಿದ್ಯುತ್ತನ್ನು ಹರಿಯಿಸುವುವು. ಕೆಲವು ವಿಷವಾಯುವನ್ನು ಹೀರಿಕೊಂಡು, ಯಂತ್ರದ ಮೂಲಕ ಅದರ ಇರವನ್ನು ತಿಳಿಸುವುವು. ಇದಕ್ಕಾಗಿ ಅವನ್ನು ಕೂದಲೆಳೆಗಿಂತಲೂ ಬಹಳ ತೆಳುವಾದ ಪೊರೆಯಾಗಿ ಲೇಪಿಸಬೇಕು. ಲೇಪಿಸುವಾಗ ಸರಪಣಿ ತುಂಡಾದರೆ ಗುಣವೂ ಕೆಡುವುದು.

1960ರಲ್ಲಿ ಮೈಮನ್ ಎಂಬಾತನು ಮೊದಲನೆಯ ಲೇಸರನ್ನು ಬೆಳಗಿಸಿದನು. 1965ರಲ್ಲಿ ಸ್ಮಿತ್ ಮತ್ತು ಟರ್ನರ್ ಎಂಬವರು ಅದರಿಂದ ಪೊರೆಗಳನ್ನು ರಚಿಸಿದರು. ನಿರ್ವಾತದಲ್ಲಿ ಲೇಸರಿನ ಕ್ಷಣಿಕ ಸ್ಪಂದಗಳನ್ನು ದ್ರವ್ಯದ ಬಿಲ್ಲೆಯ ಮೇಲೆ ಬೀಳಿಸಿದರೆ, ಅದರ ಮೇಲ್ಮೈ ಆವಿಯಾಗಿ ಎದುರಿನ ಫಲಕದಲ್ಲಿ ಕೂಡುವುದು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿಯೂ ಆಕ್ಸೈಡುಗಳ ಪೊರೆಗಳನ್ನು ಈ ಕ್ರಮದಿಂದ ರಚಿಸಿರುತ್ತಾರೆ.

ಆಕ್ಸೈಡುಗಳಿಗೆ ಒಪ್ಪುವ ಈ ಕ್ರಮವು ಪಾಲಿಮರುಗಳಿಗೆ ಹಾಗೆಯೇ ಒಪ್ಪದು. 248 ನ್ಯಾನೋಮೀಟರಿನ ನೇರಳಾತೀತ ಕಿರಣದ ಪ್ರತಿಯೊಂದು ಫೋಟಾನಿನ ಶಕ್ತಿ ಸುಮಾರು 5 ಎಲೆಕ್ಟ್ರಾನ್‌ವೋಲ್ಟ್. ಕಾರ್ಬನ್ ಪರಮಾಣುಗಳ ಒಂಟಿ ಬಂಧವನ್ನು ಮುರಿಯಲು ಸುಮಾರು 3.6 ಸಾಕು. ಆದುದರಿಂದ ಸಾಗಿಸಬೇಕಾದ ಕಿರಣವೇ ಸರಪಣಿಯನ್ನು ಕಡಿಯುವುದುಂಟು.

ಇದಕ್ಕೆ ಅಮೆರಿಕದ ನೌಕಾಸಂಶೋಧನಾಲಯದ ವಿದ್ವಾಂಸರು 1990ರ ದಶಕದಲ್ಲಿ ಒಂದು ಉಪಾಯವನ್ನು ಕಂಡರು. ಪಾಲಿಮರನ್ನು ಅಲ್ಪಪ್ರಮಾಣದಲ್ಲಿ ದ್ರಾವಕದಲ್ಲಿ ಕರಗಿಸಿ, ದ್ರವ ನೈಟ್ರೊಜನ್ನಿನಿಂದ ಹೆಪ್ಪುಗಟ್ಟಿಸುವರು. ಕಿರಣದ ಏಟನ್ನು ಬಹುಮಟ್ಟಿಗೆ ದ್ರಾವಕವೇ ತಾಳಿ, ಆವಿಯಾಗಿ, ಸರಪಣಿಗಳನ್ನು ಮೆಲ್ಲನೆ ಫಲಕಕ್ಕೊಯ್ಯುವುದು. ಆವಿಯನ್ನು ಪಂಪು ಹೊರಗೆಳೆಯುವುದು. 2001ರಲ್ಲಿ ಪ್ರಕಟವಾದ ಮತ್ತೊಂದು ಕ್ರಮದಲ್ಲಿ, ಪಾಲಿಮರಿನ ಸಹಜಕಂಪನಕ್ಕೆ ಹೊಂದುವ ಅವರಕ್ತ ಕಿರಣವನ್ನು ಬಳಸಿ, ಪಾಲಿಎಥಿಲೀನ್ ಗ್ಲೈಕಾಲನ್ನು ಕೆಡದಂತೆ ಲೇಪಿಸಿದರು.

ದೋಷಗಳೂ ಇಲ್ಲದಿಲ್ಲ: ದ್ರಾವಕವು ಕಿರಣಕ್ಕೆ ಹೊಂದಬೇಕು, ಪೊರೆಯಲ್ಲಿ ಹನಿಗಳುಂಟಾಗಿ ಮೇಲ್ಮೈ ಒರಟಾಗುವುದುಂಟು. ಆದಕಾರಣ ಪರೀಕ್ಷೆ ಅವಶ್ಯಕ. ಮೂಲದ್ರವ್ಯದ ಅವರಕ್ತ ವರ್ಣಪಟಲವನ್ನು ಪೊರೆಯ ವರ್ಣಪಟಲದೊಡನೆ, ಮಾತೃಕೆಯೊಡನೆ ಪ್ರತಿಯನ್ನು ಹೋಲಿಸುವಂತೆ, ರೇಖೆರೇಖೆಯಾಗಿ ಹೋಲಿಸುವರು. ಎರಡೂ ಒಪ್ಪಿದರೆ ಸರಪಣಿಯ ಬಂಧಗಳು ಉಳಿದುವೆಂದು ತಿಳಿಯಬಹುದು.