ದಿನ ತುಂಬಿದವರ ಮಾತುಕತೆ

ಎಂಟು ತುಂಬಿ ಒಂಬತ್ತಕ್ಕೆ ಬಿದ್ದ ಬಸುರಿಯರು ಇಬ್ಬರು ಒಂದೆಡೆ ಕೂತರೆ ಪರಿಚಯ ಮಾಡಿಸುವವರು ಬೇಕಿಲ್ಲ. ‘ನಿಂದು ಎಷ್ಟನೇದು?’, ‘ಡೇಟ್ ಯಾವಾಗ ಕೊಟ್ಟಿದಾರೆ?’, ‘ರಾತ್ರಿ ನಿದ್ದೆ ಬರುತ್ತಾ?’ ಎಂದು ಶುರುವಾದ ಮಾತು ಸ್ವಲ್ಪ ಹೊತ್ತಿನಲ್ಲೇ ಎದೆಯುರಿ, ಕಾಲು ಬಾವು, ಮಗು ತಿರುಗಿದೆಯೋ ಇಲ್ಲವೋ, ನಾರ್ಮಲ್ಲೋ ಆಪರೇಷನ್ನೋ ಎಂಬಲ್ಲಿಗೆ ಬಂದು ಮುಟ್ಟುತ್ತದೆ. ಗಂಡನಿಗೆ ಹೇಳದ್ದನ್ನು, ಡಾಕ್ಟರನ್ನು ಕೇಳಲು ಸಂಕೋಚಪಟ್ಟದ್ದನ್ನು ಇಲ್ಲಿ ಸಲೀಸಾಗಿ ಆಡಬಹುದು. ಎಷ್ಟೋ ಸಲ ಉತ್ತರವೂ ಸಿದ್ಧವಾಗಿರುತ್ತದೆ: ‘ನಂಗೂ ಹಂಗೇ ಆಗಿತ್ತು. ಏನೂ ಆಗಲ್ಲ ಬಿಡು.’

ಕೊನೆಯ ತಿಂಗಳ ಕಳವಳಗಳು ಬಹುಪಾಲು ಎಲ್ಲರಿಗೂ ಬರುವಂಥವು. ಇನ್ನೊಬ್ಬಳಿಗೂ ಅದೇ ಆಗಿತ್ತು ಎಂದು ತಿಳಿದರೆ ಸಾಕು, ಮನಸ್ಸು ಹಗುರಾಗುತ್ತದೆ. ಆದರೆ ಕೆಲವು ಲಕ್ಷಣಗಳ ವಿಷಯದಲ್ಲಿ ಇದೇ ಸಮಾಧಾನದ ಮಾತು ಆಸ್ಪತ್ರೆಗೆ ಹೊರಟವಳನ್ನು ಹೊಸ್ತಿಲಲ್ಲೇ ನಿಲ್ಲಿಸಿಬಿಡುತ್ತದೆ. ಯಾವುದಕ್ಕೆ ‘ಬಿಡು’ ಎನ್ನಬಹುದು, ಯಾವುದಕ್ಕೆ ಎನ್ನಬಾರದು ಎಂಬುದನ್ನು ಶರೀರವಿಜ್ಞಾನ ತಿಳಿಸುತ್ತದೆ. ಈ ಮಾತುಕತೆಗೇ ಎಷ್ಟು ಬಲವಿದೆ ಎಂಬುದನ್ನೂ ವಿಜ್ಞಾನಿಗಳು ಅಳೆದು ನೋಡಿದ್ದಾರೆ.

ಡೇಟ್ ದಾಟಿದರೆ

ತಾಯಿ ಕಾರ್ಡಿನಲ್ಲಿ ಬರೆದುಕೊಟ್ಟ ಹೆರಿಗೆ ದಿನಾಂಕ ಹತ್ತಿರವಾದಂತೆ ಮನೆಮಂದಿಯ ಕಣ್ಣೆಲ್ಲ ಕ್ಯಾಲೆಂಡರಿನ ಮೇಲೆ. ಆ ದಿನ ಕಳೆದೂ ನೋವು ಬರದಿದ್ದರೆ ದಿಗಿಲು ಶುರು. ಈ ದಿನಾಂಕ ಹುಟ್ಟುವ ಲೆಕ್ಕ ಸರಳವಾದದ್ದು: ಕೊನೆಯ ಮುಟ್ಟಿನ ಮೊದಲ ದಿನಕ್ಕೆ ಒಂಬತ್ತು ತಿಂಗಳು ಏಳು ದಿನ ಸೇರಿಸುವುದು, ಅಂದರೆ ಸುಮಾರು 280 ದಿನ. ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿಯ ವೈದ್ಯ ಫ್ರಾಂಜ್ ನೇಗೆಲೆ ಇದನ್ನು ಬಳಕೆಗೆ ತಂದ. ನಮ್ಮ ಹಿರಿಯರ ‘ಒಂಬತ್ತು ತಿಂಗಳು ಒಂಬತ್ತು ದಿನ’ವೂ ಇದರಿಂದ ದೂರವಿಲ್ಲ. ಆದರೆ ಎಲ್ಲರಿಗೂ 28 ದಿನಕ್ಕೆ ಸರಿಯಾಗಿ ಮುಟ್ಟಾಗುತ್ತದೆ, ಹದಿನಾಲ್ಕನೆಯ ದಿನ ಅಂಡ ಬಿಡುಗಡೆಯಾಗುತ್ತದೆ ಎಂದು ಈ ಲೆಕ್ಕ ಭಾವಿಸುತ್ತದೆ. ವಾಸ್ತವದಲ್ಲಿ ಹಾಗಿರುವವರು ಕಡಿಮೆ. ಮೊದಲ ಮೂರು ತಿಂಗಳ ಸ್ಕ್ಯಾನಿಂಗ್ ಕೊಡುವ ದಿನಾಂಕವೇ ಹೆಚ್ಚು ನಂಬಿಕೆಗೆ ಅರ್ಹ.

ಹಾಗಿದ್ದೂ ಕೊಟ್ಟ ದಿನಕ್ಕೇ ಸರಿಯಾಗಿ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಮಾತ್ರ. 2013ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ 125 ಗರ್ಭಿಣಿಯರ ಅಂಡ ಬಿಡುಗಡೆಯಾದ ದಿನವನ್ನು ಮೂತ್ರದ ಹಾರ್ಮೋನುಗಳಿಂದ ಖಚಿತವಾಗಿ ಗುರುತಿಸಲಾಗಿತ್ತು. ಮುಟ್ಟಿನ ಲೆಕ್ಕದ ಗೊಂದಲವೇ ಅಲ್ಲಿರಲಿಲ್ಲ. ಆದರೂ ಗರ್ಭದ ಅವಧಿಯಲ್ಲಿ ಒಬ್ಬರಿಗೂ ಇನ್ನೊಬ್ಬರಿಗೂ ಐದು ವಾರಗಳವರೆಗೆ ಸಹಜ ವ್ಯತ್ಯಾಸ ಕಂಡುಬಂತು.

ಹೆರಿಗೆಯ ಮುಹೂರ್ತ ಇಡುವವರು ಯಾರು ಎಂಬುದು ಇಂದಿಗೂ ಪೂರ್ತಿ ಬಿಡಿಸಲಾಗದ ಪ್ರಶ್ನೆ. 1995ರಲ್ಲಿ ಆಸ್ಟ್ರೇಲಿಯಾದ ರೋಜರ್ ಸ್ಮಿತ್ ಮತ್ತು ಸಂಗಡಿಗರು ಮಾಸುಚೀಲ, ಅಂದರೆ ಪ್ಲಾಸೆಂಟಾದ ಕಡೆ ಬೆರಳು ತೋರಿಸಿದರು. ಅದು ಸ್ರವಿಸುವ ಸಿಆರ್‌ಎಚ್ ಎಂಬ ಹಾರ್ಮೋನು ತಾಯಿಯ ರಕ್ತದಲ್ಲಿ ಏರುವ ವೇಗ ಒಬ್ಬೊಬ್ಬರಲ್ಲಿ ಒಂದೊಂದು ಥರ. ಬೇಗ ಏರಿದವರಿಗೆ ಬೇಗ ಹೆರಿಗೆಯಾಗಿತ್ತು, ನಿಧಾನವಾಗಿ ಏರಿದವರಿಗೆ ತಡವಾಗಿತ್ತು. ಹೀಗಾಗಿ ಡೇಟ್ ದಾಟಿದ್ದಕ್ಕೇ ಹೆದರಬೇಕಿಲ್ಲ. ಆದರೆ ತಪಾಸಣೆಯನ್ನು ಮಾತ್ರ ತಪ್ಪಿಸಬಾರದು. 41 ವಾರ ತುಂಬಿದ ಮೇಲೂ ಕಾಯುತ್ತ ಕೂತರೆ ಮಗುವಿಗೆ ಅಪಾಯ ಹೆಚ್ಚುವುದರಿಂದ ವೈದ್ಯರು ಆ ಹೊತ್ತಿಗೆ ನೋವು ಬರಿಸುವ ಮಾತೆತ್ತುತ್ತಾರೆ.

ನಕ್ಕು ಹಗುರಾಗುವ ಸಂಗತಿಗಳು

ಹೊಟ್ಟೆ ಇದ್ದಕ್ಕಿದ್ದಂತೆ ಕಲ್ಲಿನಂತಾಗಿ, ಒಂದರೆಕ್ಷಣ ಉಸಿರು ಹಿಡಿಸಿ, ಮತ್ತೆ ಸಡಿಲವಾಗುವುದನ್ನು ನಮ್ಮಲ್ಲಿ ಸುಳ್ಳುನೋವು ಎನ್ನುತ್ತಾರೆ. 1872ರಲ್ಲಿ ಇದನ್ನು ವಿವರಿಸಿ ಬರೆದ ಇಂಗ್ಲಿಷ್ ವೈದ್ಯ ಜಾನ್ ಬ್ರ್ಯಾಕ್ಸ್‌ಟನ್ ಹಿಕ್ಸ್‌ನ ಹೆಸರೇ ವೈದ್ಯಶಾಸ್ತ್ರದಲ್ಲಿ ಅದಕ್ಕೆ ಉಳಿದಿದೆ. ನೀರು ಕುಡಿದದ್ದು ಕಡಿಮೆಯಾದಾಗ, ಮೂತ್ರ ಕಟ್ಟಿಕೊಂಡಾಗ, ದಿನವಿಡೀ ನಿಂತು ಕೆಲಸ ಮಾಡಿದಾಗ ಇದು ಹೆಚ್ಚು. ಮಗ್ಗುಲು ಬದಲಿಸಿದರೆ, ನಾಲ್ಕು ಹೆಜ್ಜೆ ನಡೆದರೆ ತಗ್ಗುತ್ತದೆ. ನಿಜವಾದ ಬೇನೆ ಹಾಗೆ ತಗ್ಗುವುದಿಲ್ಲ. ಸೊಂಟದಿಂದ ಹೊರಟು ಮುಂದಕ್ಕೆ ಬರುತ್ತದೆ, ಎರಡು ನೋವಿನ ನಡುವಿನ ಬಿಡುವು ಕಡಿಮೆಯಾಗುತ್ತ ಹೋಗುತ್ತದೆ, ಪ್ರತಿ ಸಲವೂ ಹಿಂದಿನದಕ್ಕಿಂತ ಬಲವಾಗಿರುತ್ತದೆ.

ಎದೆಯುರಿಯ ಕಾರಣ ಪ್ರೊಜೆಸ್ಟೆರಾನ್. ಗರ್ಭಕೋಶ ಅಕಾಲದಲ್ಲಿ ಹಿಂಡದಂತೆ ಅದರ ಸ್ನಾಯುಗಳನ್ನು ಸಡಿಲವಾಗಿಡುವ ಈ ಹಾರ್ಮೋನು ಜಠರದ ಮೇಲ್ಬಾಗಿಲನ್ನೂ ಸಡಿಲಗೊಳಿಸುತ್ತದೆ. ಕೆಳಗಿನಿಂದ ಮಗು ಒತ್ತುತ್ತಿರುವುದರಿಂದ ಹುಳಿ ಮೇಲಕ್ಕೆ ನುಗ್ಗುತ್ತದೆ. ‘ಎದೆಯುರಿ ಜಾಸ್ತಿಯಿದ್ದರೆ ಮಗುವಿಗೆ ತಲೆತುಂಬ ಕೂದಲು’ ಎಂಬ ಮಾತನ್ನು ಕೇಳದ ಬಸುರಿಯಿಲ್ಲ. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಸಂಶೋಧಕರು ಇದನ್ನು ಪರೀಕ್ಷಿಸಲು ಹೊರಟು 2006ರಲ್ಲಿ ತಾವೇ ಬೆರಗಾದರು. ಅವರು ಗಮನಿಸಿದ 64 ಗರ್ಭಿಣಿಯರಲ್ಲಿ ಎದೆಯುರಿ ಚೆನ್ನಾಗಿಯೇ ಕಾಡಿದವರು 28 ಮಂದಿ. ಅವರಲ್ಲಿ 23 ಜನರಿಗೆ ಹುಟ್ಟಿದ ಮಕ್ಕಳಿಗೆ ಸರಾಸರಿಯಷ್ಟು ಅಥವಾ ಅದಕ್ಕೂ ಹೆಚ್ಚು ಕೂದಲಿತ್ತು. ಜಠರದ ಬಾಗಿಲನ್ನು ಸಡಿಲಿಸುವ ಹಾರ್ಮೋನುಗಳೇ ಭ್ರೂಣದ ಕೂದಲ ಬೆಳವಣಿಗೆಯ ಮೇಲೂ ಪ್ರಭಾವ ಬೀರುತ್ತಿರಬಹುದು ಎಂಬುದು ಅವರ ಊಹೆ. ಅಧ್ಯಯನ ಚಿಕ್ಕದು, ಅದರ ಮೇಲೆ ಪಂದ್ಯ ಕಟ್ಟುವಂತಿಲ್ಲ. ಆದರೂ ಅಜ್ಜಿಯರು ಈ ಸುತ್ತಿನಲ್ಲಿ ಗೆದ್ದರೆಂದೇ ಹೇಳಬೇಕು.

ಇನ್ನೊಂದು ಸುತ್ತಿನಲ್ಲಿ ಸೋತಿದ್ದಾರೆ. ಮಾಲೆ ಹಾಕಿಕೊಂಡು ಹುಟ್ಟಿದ ಮಗು ಸೋದರಮಾವನಿಗೆ ಆಗಿಬರುವುದಿಲ್ಲ ಎಂಬ ನಂಬಿಕೆ ನಮ್ಮಲ್ಲಿ ಹಳೆಯದು. ಈಗ ಆ ಮಾಲೆ ಹುಟ್ಟುವ ಮೊದಲೇ ಸ್ಕ್ಯಾನಿಂಗ್ ವರದಿಯಲ್ಲಿ ಕಾಣಿಸಿಕೊಳ್ಳುತ್ತದೆ. ‘ಕೊರಳಿಗೆ ಹೊಕ್ಕುಳಬಳ್ಳಿ ಸುತ್ತಿದೆ’ ಎಂದು ಓದಿದವಳಿಗೆ ಮಗುವಿನ ಉಸಿರು ಕಟ್ಟುತ್ತಿದೆ ಎನಿಸುವುದು ಸಹಜವೇ. ಆದರೆ ಗರ್ಭದಲ್ಲಿರುವ ಮಗು ಗಂಟಲಿನಿಂದ ಉಸಿರಾಡುವುದಿಲ್ಲ. ಅದಕ್ಕೆ ಬೇಕಾದ ಆಮ್ಲಜನಕವೆಲ್ಲ ಬಳ್ಳಿಯ ರಕ್ತದಲ್ಲೇ ಬರುತ್ತದೆ. ಸುಮಾರು ಅರ್ಧ ಮೀಟರ್ ಉದ್ದವಿರುವ ಆ ಬಳ್ಳಿಯೊಳಗೆ ಎರಡು ಅಪಧಮನಿ, ಒಂದು ಅಭಿಧಮನಿ ಹುರಿಗೊಂಡಿರುತ್ತವೆ. ಅವುಗಳ ಸುತ್ತ ತಾಟಿನಿಂಗಿನ ತಿರುಳಿನಂಥ ಜಾರುಜಾರಾದ ಲೋಳೆ ತುಂಬಿದ್ದು, ಬಳ್ಳಿ ಬಾಗಿದರೂ ನಾಳಗಳು ಸುಲಭವಾಗಿ ಅಮುಕಿಹೋಗದಂತೆ ಕಾಯುತ್ತದೆ. ಹುಟ್ಟುವ ಮಕ್ಕಳಲ್ಲಿ ನೂರಕ್ಕೆ ಇಪ್ಪತ್ತರಿಂದ ಮೂವತ್ತಕ್ಕೆ ಕೊರಳಲ್ಲಿ ಬಳ್ಳಿಯ ಸುತ್ತು ಇರುತ್ತದೆ. ಬಹುಪಾಲು ಹೆರಿಗೆಗಳಲ್ಲಿ ಡಾಕ್ಟರೋ ನರ್ಸೋ ಅದನ್ನು ಬೆರಳಿನಿಂದ ಜಾರಿಸಿ ತೆಗೆದುಬಿಡುತ್ತಾರೆ. ಸೋದರಮಾವಂದಿರು ನಿಶ್ಚಿಂತೆಯಿಂದಿರಬಹುದು.

ಮಲಗುವ ಭಂಗಿಯ ಚಿಂತೆಗೂ ಕಾರಣವಿದೆ. ಅಂಗಾತ ಮಲಗಿದರೆ ತುಂಬುಗರ್ಭದ ಭಾರವೆಲ್ಲ ಬೆನ್ನುಮೂಳೆಯ ಪಕ್ಕದ ಮಹಾಭಿಧಮನಿಯ ಮೇಲೆ ಬಿದ್ದು, ಹೃದಯಕ್ಕೆ ಮರಳುವ ರಕ್ತ ಕಡಿಮೆಯಾಗುತ್ತದೆ. ಆದ್ದರಿಂದ ಏಳು ತಿಂಗಳು ತುಂಬಿದ ಮೇಲೆ ಎಡಕ್ಕೋ ಬಲಕ್ಕೋ ಮಗ್ಗುಲಾಗಿ ಮಲಗಬೇಕು. ನಡುರಾತ್ರಿ ಎಚ್ಚರವಾದಾಗ ಅಂಗಾತ ಬಿದ್ದಿದ್ದರೆ ಗಾಬರಿ ಬೇಡ, ಮತ್ತೆ ಮಗ್ಗುಲಾದರೆ ಆಯಿತು.

‘ಬಿಡು’ ಎನ್ನಬಾರದವು

‘ನಿನ್ನೆಯಿಂದ ಮಗು ಅಷ್ಟಾಗಿ ಒದೀತಾ ಇಲ್ಲ.’ ಈ ಮಾತಿಗೆ ಸಿಗುವ ಮಾಮೂಲಿ ಉತ್ತರ, ‘ದಿನ ತುಂಬಿದಾಗ ಜಾಗ ಸಾಲಲ್ಲ, ಅದಕ್ಕೇ’. ಈ ಉತ್ತರ ತಪ್ಪು. ಜಾಗ ಕಿರಿದಾದಂತೆ ಅಲುಗಾಟದ ಬಗೆ ಬದಲಾಗಬಹುದು, ಜಾಡಿಸಿ ಒದೆಯುವ ಬದಲು ಮಗು ಹೊರಳುತ್ತಿರಬಹುದು. ಆದರೆ ಎಷ್ಟು ಸಲ ಎಂಬುದು ಇಳಿಯಬಾರದು. ಹೊಟ್ಟೆಯಲ್ಲಿರುವ ಮಗು ಒಮ್ಮೆಗೆ ಇಪ್ಪತ್ತರಿಂದ ನಲವತ್ತು ನಿಮಿಷ ನಿದ್ದೆಹೋಗುತ್ತದೆ, ಆರೋಗ್ಯವಂತ ಮಗು ಒಂದೂವರೆ ಗಂಟೆ ಮೀರಿ ಸುಮ್ಮನಿರುವುದು ಅಪರೂಪ. ಊಟ ಮಾಡಿ ಮಗ್ಗುಲಾಗಿ ಮಲಗಿ ಗಮನವಿಟ್ಟು ಎಣಿಸಿದಾಗ ಎರಡು ಗಂಟೆಯಲ್ಲಿ ಹತ್ತು ಸಲವೂ ಅಲುಗದಿದ್ದರೆ, ಇಲ್ಲವೇ ದಿನನಿತ್ಯದ ರೂಢಿಗಿಂತ ಕಡಿಮೆ ಎನಿಸಿದರೆ, ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಬೇಕು.

ಕಾಲು ಬಾತುಕೊಳ್ಳುವುದು ಬಹಳಷ್ಟು ಬಸುರಿಯರಿಗೆ ಇದ್ದದ್ದೇ. ಮುಖ, ಕೈಬೆರಳು ದಿಢೀರನೆ ಊದಿಕೊಂಡು, ಜೊತೆಗೆ ತಲೆ ಸಿಡಿಯುತ್ತ, ಕಣ್ಣು ಮಂಜಾಗಿ, ಪಕ್ಕೆಲುಬಿನ ಕೆಳಗೆ ನೋವು ಬಂದರೆ ಅದು ಬೇರೆಯದೇ ಕತೆ. ರಕ್ತದೊತ್ತಡ 140/90 ಮುಟ್ಟಿರಬಹುದು. ಪ್ರಿಎಕ್ಲಾಂಪ್ಸಿಯಾ ಎಂಬ ಈ ಸ್ಥಿತಿ ಹದ್ದುಮೀರಿದರೆ ಫಿಟ್ಸ್ ಬಂದು ತಾಯಿ, ಮಗು ಇಬ್ಬರ ಜೀವಕ್ಕೂ ಎರವಾಗಬಹುದು. ಚರ್ಮ ಹಿಗ್ಗಿದ ಹೊಟ್ಟೆಯ ಮೇಲಿನ ತುರಿಕೆ ಮಾಮೂಲಿ. ಗುಳ್ಳೆಯೇ ಇಲ್ಲದೆ ಅಂಗೈ, ಅಂಗಾಲು ರಾತ್ರಿಯೆಲ್ಲ ತುರಿಸಿದರೆ ಪಿತ್ತರಸ ಯಕೃತ್ತಿನಿಂದ ಸರಿಯಾಗಿ ಹರಿಯದೆ ರಕ್ತಕ್ಕೆ ಸೇರುತ್ತಿರಬಹುದು. ಅದನ್ನು ಒಂದು ರಕ್ತಪರೀಕ್ಷೆ ಪತ್ತೆಹಚ್ಚುತ್ತದೆ. ರಕ್ತ ಕಂಡರೆ, ನೀರು ಹೋದರೆ, ಜ್ವರ ಬಂದರೆ ಯಾರನ್ನೂ ಕೇಳುತ್ತ ಕೂರುವಂತಿಲ್ಲ.

‘ನಂಗೂ ಹಂಗೇ ಆಗಿತ್ತು’ ಎಂಬ ಮಾತಿನ ದೋಷ ಇಲ್ಲಿ ಬಯಲಾಗುತ್ತದೆ. ಏನೂ ಆಗಲಿಲ್ಲ ಎಂದು ಹೇಳಲು ಸಾಧ್ಯವಾಗುವುದು ಏನೂ ಆಗದವರಿಗೆ ಮಾತ್ರ. ಮಗು ಅಲುಗಾಡುವುದು ಕಡಿಮೆಯಾಗಿ, ಬೆಳಗಿನವರೆಗೆ ಕಾದು, ಮಗುವನ್ನು ಕಳೆದುಕೊಂಡವಳೂ ಅದೇ ಊರಿನಲ್ಲಿರುತ್ತಾಳೆ. ಆದರೆ ಅವಳನ್ನು ಸೀಮಂತಕ್ಕೆ ಕರೆಯದ, ಕರೆದರೂ ಆರತಿ ಎತ್ತಲು ಬಿಡದ ಮನೆಗಳು ಇಂದಿಗೂ ಇವೆ. ಅಪಶಕುನವೆಂಬ ಹೆಸರಿನಲ್ಲಿ ಅತ್ಯಂತ ಬೆಲೆಬಾಳುವ ಅನುಭವವನ್ನೇ ನಾವು ಮಾತುಕತೆಯಿಂದ ಹೊರಗಿಟ್ಟಿದ್ದೇವೆ. ಉಳಿದವರ ಅನುಭವವನ್ನಷ್ಟೇ ಕೂಡಿಸಿದರೆ ಅಪಾಯ ಇರುವುದಕ್ಕಿಂತ ಕಡಿಮೆಯಾಗಿಯೇ ಕಾಣುತ್ತದೆ. ಸಂಖ್ಯಾಶಾಸ್ತ್ರ ಎಚ್ಚರಿಸುವ ಹಳೆಯ ತಪ್ಪು ಇದು.

ಮಾತಿನ ಬಲವನ್ನು ಅಳೆದವರು

ಹಾಗಾದರೆ ಹೆಂಗಸರ ಮಾತುಕತೆಯನ್ನು ಬದಿಗಿಟ್ಟು ಎಲ್ಲವನ್ನೂ ಡಾಕ್ಟರಿಗೇ ಬಿಡಬೇಕೆ? ನೇಪಾಳದ ಮಕವಾನ್‌ಪುರ ಜಿಲ್ಲೆಯ ಅನುಭವ ಬೇರೆಯದನ್ನೇ ಹೇಳುತ್ತದೆ. ಅಲ್ಲಿ ಊರೂರಿನಲ್ಲಿ ಹೆಂಗಸರ ಗುಂಪುಗಳನ್ನು ಕಟ್ಟಿ, ತಿಂಗಳಿಗೊಮ್ಮೆ ಬಸಿರು, ಹೆರಿಗೆ, ಹಸುಗೂಸಿನ ತೊಂದರೆಗಳ ಬಗ್ಗೆ ಮಾತಾಡಿಸಿದರು. ಮಾತು ನಡೆಸಿದವಳು ಆ ಭಾಗದವಳೇ ಆದ ಒಬ್ಬ ಹೆಂಗಸು. 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬಂದ ಫಲಿತಾಂಶದ ಪ್ರಕಾರ, ಗುಂಪುಗಳಿದ್ದ ಕಡೆ ನವಜಾತ ಶಿಶುಮರಣ ಉಳಿದ ಕಡೆಗಿಂತ ಶೇ 30ರಷ್ಟು ಕಡಿಮೆಯಿತ್ತು.

ಅದೇ ಮಾದರಿಯನ್ನು ‘ಏಕಜುಟ್’ ಸಂಸ್ಥೆ 2005ರಿಂದ 2008ರವರೆಗೆ ಝಾರ್ಖಂಡ್ ಮತ್ತು ಒಡಿಶಾದ ಆದಿವಾಸಿಗಳೇ ಹೆಚ್ಚಿರುವ ಜಿಲ್ಲೆಗಳಲ್ಲಿ ಪ್ರಯೋಗಿಸಿತು. ಚಿತ್ರದ ಕಾರ್ಡು, ಕತೆ, ಆಟಗಳ ಮೂಲಕ ಮಾತು ಸಾಗುತ್ತಿತ್ತು. ಎಲ್ಲಿ ತಪ್ಪಿತು, ಮುಂದಿನ ಸಲ ಏನು ಮಾಡಬೇಕು, ಗಾಡಿಗೆ ಯಾರನ್ನು ಹಿಡಿಯಬೇಕು, ದುಡ್ಡು ಎಲ್ಲಿಂದ ಎಂದು ಗುಂಪೇ ತೀರ್ಮಾನಿಸುತ್ತಿತ್ತು. ನವಜಾತ ಶಿಶುಗಳ ಸಾವು ಶೇ 32ರಷ್ಟು ಇಳಿಯಿತು. ಮೂರನೆಯ ವರ್ಷದ ಹೊತ್ತಿಗೆ ತಾಯಂದಿರಲ್ಲಿ ಮಧ್ಯಮ ಪ್ರಮಾಣದ ಖಿನ್ನತೆ ಶೇ 57ರಷ್ಟು ಕಡಿಮೆಯಾಗಿತ್ತು.

ಅದೇ ಹೊತ್ತಿಗೆ ಬಾಂಗ್ಲಾದೇಶದಲ್ಲಿ ನಡೆದ ಇಂಥದೇ ಪ್ರಯೋಗ ಫಲ ಕೊಡಲಿಲ್ಲ. ಕಾರಣ ಹುಡುಕಿದಾಗ ಸಿಕ್ಕ ಸುಳಿವು ಕುತೂಹಲದ್ದು. ಝಾರ್ಖಂಡ್-ಒಡಿಶಾದಲ್ಲಿ ಸುಮಾರು 470 ಜನಕ್ಕೆ ಒಂದು ಗುಂಪಿದ್ದರೆ, ಬಾಂಗ್ಲಾದೇಶದಲ್ಲಿ 1,400 ಜನಕ್ಕೆ ಒಂದಿತ್ತು. ಬಸುರಿಯರಲ್ಲಿ ಬಹುಮಂದಿ ಆ ಮಾತುಕತೆಯ ಹತ್ತಿರ ಸುಳಿದೇ ಇರಲಿಲ್ಲ. ಗುಂಪುಗಳನ್ನು ಹೆಚ್ಚಿಸಿ ಮತ್ತೆ ನಡೆಸಿದಾಗ ಅಲ್ಲಿಯೂ ಶಿಶುಮರಣ ಇಳಿಯಿತು. ಇಂಥ ಏಳು ಪ್ರಯೋಗಗಳನ್ನು ಒಟ್ಟಿಗಿಟ್ಟು ನೋಡಿದ 2013ರ ವಿಶ್ಲೇಷಣೆ, ಗರ್ಭಿಣಿಯರಲ್ಲಿ ಕನಿಷ್ಠ ಶೇ 30ರಷ್ಟು ಮಂದಿ ಪಾಲ್ಗೊಂಡ ಕಡೆ ನವಜಾತ ಶಿಶುಗಳ ಸಾವು ಮೂರನೆಯ ಒಂದು ಭಾಗದಷ್ಟು, ತಾಯಂದಿರ ಸಾವು ಅರ್ಧದಷ್ಟು ಕಡಿಮೆಯಾಗಿದ್ದನ್ನು ತೋರಿಸಿತು. ಔಷಧದಂತೆ ಮಾತಿಗೂ ಒಂದು ಪ್ರಮಾಣವಿದೆ, ಅದಕ್ಕಿಂತ ಕಡಿಮೆಯಾದರೆ ನಾಟುವುದಿಲ್ಲ.

ಹೆರಿಗೆ ಕೋಣೆಯೊಳಗೂ ಮಾತಿಗೆ ಬಲವಿದೆ. ನೋವಿನುದ್ದಕ್ಕೂ ಒಬ್ಬರು ಪಕ್ಕದಲ್ಲಿದ್ದು ಧೈರ್ಯ ಹೇಳುತ್ತ, ಸೊಂಟ ನೀವುತ್ತಿದ್ದರೆ ಏನಾಗುತ್ತದೆ ಎಂಬುದನ್ನು 17 ದೇಶಗಳ 15,000ಕ್ಕೂ ಹೆಚ್ಚು ಹೆಂಗಸರಲ್ಲಿ ಪರೀಕ್ಷಿಸಲಾಗಿದೆ. ಜೊತೆಯಿದ್ದವರಿಗೆ ನೋವಿನ ಅವಧಿ ಕೊಂಚ ಕಡಿಮೆಯಾಯಿತು, ಸಿಸೇರಿಯನ್ ಕೂಡ ಕಡಿಮೆಯಾಯಿತು. ಹೆದರಿಕೆಯಲ್ಲಿ ಏರುವ ಅಡ್ರಿನಲಿನ್ ಗರ್ಭಕೋಶದ ಹಿಂಡುವಿಕೆಗೆ ಅಡ್ಡಬರುತ್ತದೆ ಎಂಬುದು ಇದಕ್ಕೆ ಕೊಡುವ ಒಂದು ವಿವರಣೆ. ಕೇಂದ್ರ ಸರ್ಕಾರ 2017ರಲ್ಲಿ ಆರಂಭಿಸಿದ ‘ಲಕ್ಷ್ಯ’ ಕಾರ್ಯಕ್ರಮ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಗೆ ಸಂಗಾತಿಯನ್ನು ಬಿಡಬೇಕೆನ್ನುತ್ತದೆ. ಹೆದರಿಕೆ ಹೆರಿಗೆಯ ದಿನಕ್ಕಷ್ಟೇ ನಿಲ್ಲದೆ ವಾರಗಟ್ಟಲೆ ನಿದ್ದೆ, ಊಟ ಕೆಡಿಸಿದರೆ ಅದಕ್ಕೂ ಚಿಕಿತ್ಸೆಯಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮಗುವನ್ನು ಒಟ್ಟಿಗೇ ದಾಖಲಿಸಿಕೊಳ್ಳುವ ಘಟಕ 2009ರಿಂದ ಇದೆ. ‘ಟೆಲಿ ಮಾನಸ್’ ಸಹಾಯವಾಣಿಯ 14416 ಸಂಖ್ಯೆಗೆ ಮನೆಯಿಂದಲೇ ಕರೆ ಮಾಡಬಹುದು.

ಹೆಂಗಸರ ಮಾತುಕತೆಯ ಗುಂಪಿಗೆ ಹೊಸ ಕಟ್ಟಡ, ಯಂತ್ರ ಯಾವುದೂ ಬೇಕಿಲ್ಲ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರ ಉಚಿತ ತಪಾಸಣೆ ನಡೆಯುತ್ತಿದೆ. ಸುತ್ತಲ ಊರುಗಳ ಬಸುರಿಯರು ತಾಯಿ ಕಾರ್ಡ್ ಹಿಡಿದು ಸರದಿಗಾಗಿ ಕಾಯುವ ಆ ಹೊತ್ತಿನಲ್ಲಿ ಅರ್ಧ ಗಂಟೆಯನ್ನು ಆಶಾ ಕಾರ್ಯಕರ್ತೆಯೊಬ್ಬಳ ಕೈಗೆ ಕೊಟ್ಟರೆ ಅದೇ ಒಂದು ಗುಂಪಾಗುತ್ತದೆ. ಮನೆಗಳಲ್ಲಿ ನಡೆಯುವ ಸೀಮಂತಕ್ಕೆ ಮಗುವನ್ನು ಕಳೆದುಕೊಂಡವಳನ್ನೂ ಕರೆದು ಕೂರಿಸಿ, ಅವಳಿಗೆ ಹೇಳಬೇಕೆನಿಸಿದರೆ ಕೇಳಬಹುದು. ಮಡಿಲು ತುಂಬಿಸಿ ಏಳುವ ಮೊದಲು ನಾಲ್ಕು ವಿಷಯ ಇತ್ಯರ್ಥವಾಗಿರಲಿ: ಸಂಶಯ ಬಂದ ರಾತ್ರಿ ಮೊದಲು ಯಾರಿಗೆ ಫೋನ್ ಮಾಡುವುದು, ಯಾವ ಆಸ್ಪತ್ರೆಗೆ ಹೋಗುವುದು, 108 ತಡವಾದರೆ ಯಾರ ಗಾಡಿ, ಹೆರಿಗೆ ಕೋಣೆಯಲ್ಲಿ ಜೊತೆಗಿರುವವರು ಯಾರು.