ಸೈನಿನ ವರ್ಗವೂ ಚಿಕ್ಕಪ್ಪನ ಪ್ರಶ್ನೆಯೂ

ಅರ್ಥಶಾಸ್ತ್ರ, ಸಂಖ್ಯಾಶಾಸ್ತ್ರಗಳೊಡನೆ ಗಣಿತವನ್ನೂ ತೆಗೆದುಕೊಂಡಿರುವ ನಮ್ಮಂಥವರಿಗೆ ಕಲನಶಾಸ್ತ್ರದ ಪರೀಕ್ಷೆಯೆಂದರೆ ಒಂದು ಬಗೆಯ ಅಂಜಿಕೆಯುಂಟು. ಅದರಲ್ಲಿಯೂ ತ್ರಿಕೋಣಮಿತಿಯ ಫಲನಗಳ ಅನುಕಲನವೆಂಬ ಅಧ್ಯಾಯ ಬಂದಿತೆಂದರೆ, ಎರಡು ಪುಟಗಳ ಸೂತ್ರಗಳನ್ನು ಬಾಯಿಪಾಠ ಮಾಡಿ, ಪರೀಕ್ಷಾ ಮಂದಿರದ ಬಾಗಿಲಲ್ಲಿ ಅರ್ಧವನ್ನು ಮರೆತು ಒಳಗೆ ಹೋಗುವವರೇ ಹೆಚ್ಚು. ನಾನೂ ಆ ಗುಂಪಿಗೆ ಸೇರಿದವನೇ. ಕಳೆದ ಆಂತರಿಕ ಪರೀಕ್ಷೆಯಲ್ಲಿ ಸೈನ್ ವರ್ಗವನ್ನು ಅನುಕಲಿಸಿರೆಂದು ಕೇಳಿದ್ದಕ್ಕೆ, ಸೈನ್ ಘನದ ಮೂರನೆಯ ಒಂದು ಭಾಗವೆಂದು ಧೈರ್ಯವಾಗಿ ಬರೆದು, ಐದು ಅಂಕಗಳಿಗೆ ಸೊನ್ನೆಯನ್ನು ಸಂಪಾದಿಸಿದೆ. ಆ ಸೊನ್ನೆಯಿಂದ ಕಲಿತದ್ದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ನಮ್ಮ ಚಿಕ್ಕಪ್ಪನವರು ಪೀಣ್ಯ ಕೈಗಾರಿಕಾ ಪ್ರದೇಶದ ಒಂದು ಸಣ್ಣ ಕಾರ್ಖಾನೆಯಲ್ಲಿ ವಿದ್ಯುತ್ತಿನ ಕೆಲಸ ನೋಡುತ್ತಾರೆ. ಓದಿದ್ದು ಎಸ್ಸೆಸ್ಸೆಲ್ಸಿಯವರೆಗೆ ಮಾತ್ರ. ಸೊನ್ನೆ ಬಂದ ದಿನ ಸಂಜೆ ಅವರು ಕೆಲಸದಿಂದ ಬಂದು, ಸುಟ್ಟುಹೋದ ಒಂದು ಡಯೋಡನ್ನು ನನ್ನ ಪುಸ್ತಕದ ಮೇಲಿಟ್ಟು, “ನೋಡಪ್ಪಾ, ಇದು 300 ವೋಲ್ಟ್ ತಡೆಯೋ ಮಾಲು. ನಮ್ಮ ಲೈನು 230. ಹುಡುಗ ಇದನ್ನ ಹಾಕ್ದ, ಸುಟ್ಟೇ ಹೋಯ್ತು. 325ರ ತನಕ ಏರುತ್ತೆ ಕಣೋ ಅಂತ ನಾನು ಹೇಳಿದ್ದೆ. ಏರೋದು 325 ಆದ್ರೆ 230 ಅಂತ ಯಾಕೆ ಬರೀತಾರೆ? ನಿಮ್ಮ ಪುಸ್ತಕದಲ್ಲಿ ಇದೆಯೇನು?” ಎಂದು ಕೇಳಿದರು. “ಗೊತ್ತಿಲ್ಲ ಚಿಕ್ಕಪ್ಪ” ಎಂದೆ. ಅದೇ ಪುಸ್ತಕದಲ್ಲಿ, ನಾನು ಸೊನ್ನೆ ಪಡೆದ ಅದೇ ಲೆಕ್ಕದಲ್ಲಿ ಅದರ ಉತ್ತರವಿದ್ದಿತೆಂಬುದು ಆಮೇಲೆ ತಿಳಿಯಿತು.

ಮೊದಲು ಬುಡದಿಂದ ಪ್ರಾರಂಭಿಸೋಣ. ಅನುಕಲನವೆಂದರೆ ಅವಕಲನದ ಹಿಮ್ಮುಖ ನಡೆ. ಒಂದು ಫಲನವನ್ನು ಕೊಟ್ಟು, ‘ಯಾವುದನ್ನು ಅವಕಲಿಸಿದರೆ ಇದು ಬರುತ್ತದೆ?’ ಎಂದು ಕೇಳುವುದೇ ಅದರ ಪ್ರಶ್ನೆ. ಸೈನನ್ನು ಅವಕಲಿಸಿದರೆ ಕಾಸ್ ಬರುತ್ತದೆ. ಕಾಸನ್ನು ಅವಕಲಿಸಿದರೆ ಋಣ ಸೈನ್. ಟ್ಯಾನನ್ನು ಅವಕಲಿಸಿದರೆ ಸೆಕ್ ವರ್ಗ. ಸೈನಿನ ಏರಿಳಿತ ಕಾಸಿಗೆ ಅನುಗುಣವಾಗಿರುತ್ತದೆಂಬುದು ನಮ್ಮವರಿಗೆ ಹೊಸದೇನೂ ಅಲ್ಲ. ಸೈನನ್ನು ‘ಜ್ಯಾ’ ಎಂದು ಕರೆಯುತ್ತಿದ್ದ ಕಾಲದಲ್ಲಿ, 1150ರ ‘ಸಿದ್ಧಾಂತ ಶಿರೋಮಣಿ’ಯಲ್ಲಿ, ಭಾಸ್ಕರಾಚಾರ್ಯನು ಗ್ರಹಗಳ ತಾತ್ಕಾಲಿಕ ಗತಿಯನ್ನು ಲೆಕ್ಕಹಾಕುವಾಗ ಇದನ್ನು ಬಳಸಿದ್ದಾನೆ. ಈ ಮೂರು ಜೋಡಿಗಳನ್ನು ನೆನಪಿಟ್ಟರೆ ಮಿಕ್ಕ ಹೆಚ್ಚಿನ ಸೂತ್ರಗಳನ್ನು ನಾವೇ ಕಟ್ಟಿಕೊಳ್ಳಬಹುದು.

ಈಗ ನನ್ನ ತಪ್ಪನ್ನು ಪರೀಕ್ಷಿಸೋಣ. ಸೈನ್ ಘನದ ಮೂರನೆಯ ಒಂದು ಭಾಗವನ್ನು ಅವಕಲಿಸಿದರೆ ಬರುವುದು ಬರಿಯ ಸೈನ್ ವರ್ಗವಲ್ಲ. ಸೈನ್ ವರ್ಗ ಗುಣಿಸು ಕಾಸ್. ಕರೆಯದ ನೆಂಟನಂತೆ ಒಂದು ಕಾಸ್ ಹೆಚ್ಚಾಗಿ ಬಂದು ಕುಳಿತಿದೆ. ನನ್ನ ಉತ್ತರ ಕೆಟ್ಟದ್ದು ಅದರಿಂದಲೇ. ಆದರೆ ಈ ತಪ್ಪಿನೊಳಗೇ ಒಂದು ಉಪಾಯವೂ ಅಡಗಿದೆ. ಸೈನಿನ ಘಾತದ ಪಕ್ಕದಲ್ಲಿ ಒಂದು ಕಾಸ್ ಜೊತೆಗಿದ್ದರೆ, ಅಥವಾ ಕಾಸಿನ ಘಾತದ ಪಕ್ಕದಲ್ಲಿ ಒಂದು ಸೈನ್ ಇದ್ದರೆ, ಆಗ ಘಾತದ ಸಾಮಾನ್ಯ ನಿಯಮವೇ ಸಾಕು.

ಆದುದರಿಂದ ಘಾತವು ಬೆಸವಾಗಿದ್ದರೆ ಹೀಗೆ ಮಾಡತಕ್ಕದ್ದು. ಸೈನ್ ಘನವನ್ನು ತೆಗೆದುಕೊಳ್ಳಿ. ಅದರಿಂದ ಒಂದು ಸೈನನ್ನು ಬೇರೆ ಇಡಿ. ಉಳಿದ ಸೈನ್ ವರ್ಗವನ್ನು ಕಾಸಿಗೆ ಬದಲಾಯಿಸಿ:

ಸೈನ್³ ಕ್ಷ = ಸೈನ್ ಕ್ಷ × (1 − ಕಾಸ್² ಕ್ಷ)

ಬೇರೆ ಇಟ್ಟ ಸೈನೇ ಕಾಸಿಗೆ ಜೊತೆ. ಉತ್ತರ: − ಕಾಸ್ ಕ್ಷ + (ಕಾಸ್³ ಕ್ಷ ÷ 3) + ಸ್ಥಿರಾಂಕ. ಇದನ್ನು ಅವಕಲಿಸಿ ನೋಡಿ: ಸೈನ್ ಕ್ಷ − ಕಾಸ್² ಕ್ಷ × ಸೈನ್ ಕ್ಷ ಎಂದು ಬಂದು, ಅದು ಸೈನ್ ಘನವೇ ಆಗುತ್ತದೆ.

ಘಾತವು ಸಮವಾಗಿದ್ದರೆ ಈ ಉಪಾಯ ನಡೆಯದು. ಸೈನ್ ವರ್ಗದಿಂದ ಒಂದು ಸೈನನ್ನು ಬೇರೆ ಇಟ್ಟರೆ ಒಂಟಿ ಸೈನೊಂದು ಉಳಿಯುತ್ತದೆ. ಅದನ್ನು ವರ್ಗಮೂಲವಿಲ್ಲದೆ ಕಾಸಿಗೆ ಬದಲಾಯಿಸಲಾಗದು. ಇಲ್ಲಿ ಕೋನವನ್ನು ಇಮ್ಮಡಿಸುವ ನಿತ್ಯಸಮೀಕರಣವು ಕೈಹಿಡಿಯುತ್ತದೆ:

ಸೈನ್² ಕ್ಷ = (1 − ಕಾಸ್ 2ಕ್ಷ) ÷ 2

ವರ್ಗವು ಮಾಯವಾಯಿತು, ಉಳಿದದ್ದು ಒಂದು ಸ್ಥಿರಾಂಕ, ಒಂದು ಕಾಸ್. ಅನುಕಲಿಸಿದರೆ: (ಕ್ಷ ÷ 2) − (ಸೈನ್ 2ಕ್ಷ ÷ 4) + ಸ್ಥಿರಾಂಕ. 2ಕ್ಷ ಎಂದಿರುವುದರಿಂದ ಇನ್ನೊಂದು ಎರಡರಿಂದ ಭಾಗಿಸಬೇಕೆಂಬುದನ್ನು ಮರೆಯಕೂಡದು. ಅಂಕಗಳು ಸೋರಿಹೋಗುವ ತೂತು ಇದೇ.

ಇನ್ನು ಚಿಕ್ಕಪ್ಪನವರ ಪ್ರಶ್ನೆ. ಪೀಣ್ಯದ ಯಂತ್ರಗಳನ್ನೂ ನಮ್ಮ ಮನೆಯ ದೀಪವನ್ನೂ ನಡೆಸುವುದು ಪರ್ಯಾಯ ವಿದ್ಯುತ್ತು. 1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೂ, 1905ರಲ್ಲಿ ಬೆಂಗಳೂರಿನ ದೀಪಗಳಿಗೂ ಹರಿದು ಬಂದದ್ದು ಇದೇ ಬಗೆಯದು. ಇಂದು ನಮ್ಮಲ್ಲಿ ಅದರ ಒತ್ತಡವು ಒಂದು ಸೆಕೆಂಡಿಗೆ 50 ಆವರ್ತಗಳಂತೆ, ಸೈನಿನ ಅಲೆಯಾಗಿ, ಸೊನ್ನೆಯಿಂದ 325 ವೋಲ್ಟಿಗೆ ಏರಿ, ಇಳಿದು, ಋಣ 325ಕ್ಕೆ ಹೋಗಿ ಮರಳುತ್ತದೆ. ಇದರ ಸರಾಸರಿಯನ್ನು ತೆಗೆದರೆ ಎಷ್ಟು? ಮೇಲಿನ ಅರ್ಧವೂ ಕೆಳಗಿನ ಅರ್ಧವೂ ಹೊಡೆದುಹೋಗಿ ಸೊನ್ನೆ ಬರುತ್ತದೆ. ಆದರೆ ಇಸ್ತ್ರಿಪೆಟ್ಟಿಗೆ ಕಾಯುತ್ತದಲ್ಲ! ಶಾಖವು ಒತ್ತಡದ ವರ್ಗಕ್ಕೆ ಅನುಗುಣವಾಗಿರುವುದರಿಂದ ಋಣವೂ ಧನವೂ ಸಮನಾಗಿಯೇ ಕಾಯಿಸುತ್ತವೆ. ಆದುದರಿಂದ ನಮಗೆ ಬೇಕಾದದ್ದು ಸೈನ್ ವರ್ಗದ ಸರಾಸರಿ.

ಮೇಲಿನ ಉತ್ತರವನ್ನು ಸೊನ್ನೆಯಿಂದ ಪೈವರೆಗೆ ತೆಗೆದುಕೊಂಡರೆ, ಸೈನ್ 2ಕ್ಷ ಎಂಬ ಪದವು ಎರಡು ತುದಿಗಳಲ್ಲಿಯೂ ಸೊನ್ನೆಯಾಗಿ, ಪೈ ÷ 2 ಮಾತ್ರ ಉಳಿಯುತ್ತದೆ. ಅದನ್ನು ಪೈ ಎಂಬ ಉದ್ದದಿಂದ ಭಾಗಿಸಿದರೆ ಸರಾಸರಿ ಸರಿಯಾಗಿ ಅರ್ಧ. ವರ್ಗದ ಸರಾಸರಿ ಅರ್ಧವಾದರೆ ಅದರ ವರ್ಗಮೂಲ 0.707. 325ನ್ನು 0.707ರಿಂದ ಗುಣಿಸಿ ನೋಡಿ: 230 ಬರುತ್ತದೆ! ಎಂದರೆ, ಏರಿಳಿಯುವ ಈ ವಿದ್ಯುತ್ತು ಕೊಡುವಷ್ಟೇ ಶಾಖವನ್ನು ಕೊಡಬಲ್ಲ ಏಕಮುಖ ಒತ್ತಡವು 230 ವೋಲ್ಟ್. ಶಾಖದ ಲೆಕ್ಕಕ್ಕೆ 230 ಸರಿ; ಆದರೆ ಡಯೋಡು ತಡೆಯಬೇಕಾದದ್ದು ಶಿಖರವನ್ನು. 300 ತಡೆಯುವುದು 325ಕ್ಕೆ ಸೋತಿತು.

ಇದನ್ನು ಅನುಕಲನವಿಲ್ಲದೆಯೂ ತಾಳೆ ನೋಡಬಹುದು. ಸೈನ್ ವರ್ಗ, ಕಾಸ್ ವರ್ಗ ಕೂಡಿದರೆ ಯಾವಾಗಲೂ 1. ಒಂದು ಪೂರ್ತಿ ಸುತ್ತಿನಲ್ಲಿ ಎರಡರ ಆಕಾರವೂ ಒಂದೇ, ಆರಂಭದ ಜಾಗ ಮಾತ್ರ ಬೇರೆ. ಆದ್ದರಿಂದ ಅಣ್ಣತಮ್ಮಂದಿರಂತೆ ಆ ಒಂದನ್ನು ಅರ್ಧರ್ಧ ಹಂಚಿಕೊಳ್ಳಲೇಬೇಕು.

ಉಳಿದ ಲೆಕ್ಕಗಳಲ್ಲಿಯೂ ದಾರಿ ಇದೇ: ಕೊಟ್ಟದ್ದನ್ನು ಪರಿಚಿತವಾದದ್ದಕ್ಕೆ ಬದಲಾಯಿಸುವುದು. ಟ್ಯಾನ್ ವರ್ಗವನ್ನು ಸೆಕ್ ವರ್ಗ − 1 ಎಂದು ಬರೆದರೆ ಉತ್ತರ ಟ್ಯಾನ್ ಕ್ಷ − ಕ್ಷ + ಸ್ಥಿರಾಂಕ. ಸೈನ್ 3ಕ್ಷ, ಕಾಸ್ 2ಕ್ಷಗಳ ಗುಣಲಬ್ಧವನ್ನು ಸೈನ್ 5ಕ್ಷ, ಸೈನ್ ಕ್ಷಗಳ ಮೊತ್ತದ ಅರ್ಧವೆಂದು ಬರೆದರೆ ಎರಡು ಸುಲಭ ಲೆಕ್ಕಗಳಾಗುತ್ತವೆ. ಸೆಕ್ ಒಂದು ಮಾತ್ರ ಹಟಮಾರಿ. 1569ರಲ್ಲಿ ಮರ್ಕೇಟರನು ರಚಿಸಿದ ನಾವಿಕರ ನಕ್ಷೆಗಾಗಿ ಎಡ್ವರ್ಡ್ ರೈಟ್ ಎಂಬಾತನು 1599ರಲ್ಲಿ ಸೆಕ್ಕಿನ ಬೆಲೆಗಳನ್ನು ಒಂದೊಂದಾಗಿ ಕೂಡಿ ಕೋಷ್ಟಕ ಮಾಡಿದನು. ಅದಕ್ಕೆ ಲಘುಗಣಕದ ಸೂತ್ರವನ್ನು ಜೇಮ್ಸ್ ಗ್ರೆಗರಿ ಸಾಧಿಸಿ ತೋರಿಸಿದ್ದು 1668ರಲ್ಲಿ. ಹೀಗಿರಲು, ಆ ಲೆಕ್ಕ ನಮಗೆ ಒಂದು ರಾತ್ರಿಯಲ್ಲಿ ಹೊಳೆಯಲಿಲ್ಲವೆಂದು ಎದೆಗುಂದಬೇಕಾಗಿಲ್ಲ.

ಪರೀಕ್ಷೆಗೆ ಹೊರಟಿರುವ ಮಿತ್ರರಿಗೆ ಮೂರೇ ಮಾತು. ಲೇಖನಿ ಎತ್ತುವ ಮುನ್ನ ಘಾತವು ಸಮವೋ ಬೆಸವೋ, ಜೊತೆಗಾರನಿದ್ದಾನೋ ಇಲ್ಲವೋ ನೋಡಿ. ಮಿತಿಗಳಿಲ್ಲದ ಅನುಕಲನದಲ್ಲಿ ಸ್ಥಿರಾಂಕವನ್ನು ಬಿಡಬೇಡಿ. ಉತ್ತರ ಬಂದ ಮೇಲೆ ಅದನ್ನು ಅವಕಲಿಸಿ ಪ್ರಶ್ನೆ ಮರಳಿ ಬರುತ್ತದೆಯೇ ಎಂದು ಪರೀಕ್ಷಿಸಿ. ಅರ್ಧ ನಿಮಿಷದ ಈ ಕೆಲಸವನ್ನು ಅಂದು ಮಾಡಿದ್ದರೆ ನನ್ನ ಐದು ಅಂಕಗಳು ಉಳಿಯುತ್ತಿದ್ದವು.

ಮುಂದಿನ ಭಾನುವಾರ ಚಿಕ್ಕಪ್ಪನವರಿಗೆ ಇದನ್ನೆಲ್ಲ ಕಾಗದದ ಮೇಲೆ ಬರೆದು ವಿವರಿಸಿದೆ. ಅವರು ಕೊನೆಯವರೆಗೂ ಕೇಳಿ, ಕಾಗದವನ್ನು ಮಡಿಸಿ ಅಂಗಿಯ ಜೇಬಿಗಿಟ್ಟುಕೊಂಡು, “ನಾಳೆ ಆ ಹುಡುಗನಿಗೂ ತೋರಿಸ್ತೀನಿ” ಎಂದರು. ಸೊನ್ನೆ ಪಡೆದ ಲೆಕ್ಕಕ್ಕೆ ಅದಕ್ಕಿಂತ ಹೆಚ್ಚಿನ ಅಂಕವನ್ನು ನಾನು ಬಯಸಲಿಲ್ಲ.